ಕುದುರೆ ಎಳೆಯುವ ಕೂರಿಗೆ ಬೇರೂರಲು ನೂರು ವರ್ಷ ಬೇಕಾಯಿತು

ಸಾಲಿನಲ್ಲಿ ಬಿತ್ತುವುದನ್ನು ಇಂಗ್ಲೆಂಡಿನ ಜೆಥ್ರೋ ಟಲ್ ಕಂಡುಹಿಡಿದ ಅಂತ ಓದಿರುತ್ತೀರಿ. ಅದು ಸರಿಯಲ್ಲ. ಚೀನಾದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಎತ್ತು ಎಳೆಯುವ ಕೂರಿಗೆ ಇತ್ತು. ನಮ್ಮ ನಾಡಿಗೂ ಕೂರಿಗೆ ಹೊಸದಲ್ಲ. 1790ರ ದಶಕದಲ್ಲಿ ಕ್ಯಾಪ್ಟನ್ ಹಾಲ್ಕಾಟ್ ಎಂಬ ಬ್ರಿಟಿಷ್ ಅಧಿಕಾರಿ ದಕ್ಷಿಣ ಭಾರತದ ಹೊಲದಲ್ಲಿ ಇದನ್ನು ಕಂಡು ಬೆರಗಾದ. ಇದು ಯುರೋಪಿನ ಹೊಸ ಕಲ್ಪನೆ ಅಂತಲೇ ಅವನು ಅಲ್ಲಿಯವರೆಗೆ ನಂಬಿದ್ದ.

ಹಾಗಾದರೆ ಟಲ್ ಮಾಡಿದ್ದೇನು? ಕೂರಿಗೆಯಲ್ಲಿ ಹಿಂದೆ ನಡೆಯುವವರು ಬಟ್ಟಲಿಗೆ ಕೈಯಿಂದ ಬೀಜ ಬಿಡುತ್ತಾರೆ. ಬೀಜ ಹದವಾಗಿ ಬೀಳುವುದು ಆ ಕೈಯ ಪಳಗಿನಿಂದ. ಟಲ್ ಆ ಕೆಲಸವನ್ನು ಗಾಲಿಗೆ ಒಪ್ಪಿಸಿದ.

ಆಕ್ಸ್‌ಫರ್ಡ್‌ಶೈರ್‌ನ ಹೌಬೆರಿಯಲ್ಲಿ ಅವನ ಹೊಲವಿತ್ತು. ಅಲ್ಲಿ ಸೈನ್‌ಫಾಯಿನ್ ಎಂಬ ಮೇವಿನ ಬೆಳೆಯನ್ನು ಸಾಲಿನಲ್ಲಿ, ತೆಳುವಾಗಿ ಬಿತ್ತಿ ಎಂದರೆ ಆಳುಗಳು ಒಪ್ಪಲಿಲ್ಲ. ಬೀಜ ಚೆಲ್ಲಿಯೇ ಅವರಿಗೆ ರೂಢಿ. 1701ರ ಹೊತ್ತಿಗೆ ಅವನು ಯಂತ್ರವನ್ನೇ ಮಾಡಿದ. ಆರ್ಗನ್ ವಾದ್ಯದೊಳಗಿನ ಸ್ಪ್ರಿಂಗು, ನಾಲಗೆಯ ಏರ್ಪಾಡು ಅವನಿಗೆ ದಾರಿ ತೋರಿಸಿತ್ತು. ಕುದುರೆ ಎಳೆದಂತೆ ಗಾಲಿ ತಿರುಗುತ್ತದೆ. ಜೊತೆಗೆ ಕಚ್ಚುಗಳಿರುವ ಉರುಳೆಯೂ ತಿರುಗಿ, ಪೆಟ್ಟಿಗೆಯ ಬೀಜವನ್ನು ಅಳತೆಯಲ್ಲಿ ಕೆಳಗಿಳಿಸುತ್ತದೆ. ಒಮ್ಮೆಗೆ ಮೂರು ಸಾಲು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಸಾಲುಗಳ ನಡುವಿನ ಖಾಲಿ ಜಾಗ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಸಾಲಿನ ನಡುವೆ ಮಣ್ಣು ಕೆದಕುವುದನ್ನು ಟಲ್ ನೋಡಿ ಬಂದಿದ್ದ. ನಮ್ಮ ರೈತರು ಎಡೆಕುಂಟೆ ಹೊಡೆಯುತ್ತಾರಲ್ಲ, ಅದೇ ಕೆಲಸ. ಅವನು ಅದಕ್ಕೆ ಕುದುರೆ ಹೂಡಿದ. ಚೆಲ್ಲಿದ ಪೈರಿನಲ್ಲಿ ಕುದುರೆ ಕಾಲಿಡಲು ಜಾಗವೆಲ್ಲಿ? ಆದರೆ 1731ರ ತನ್ನ ಪುಸ್ತಕದಲ್ಲಿ ಅವನೊಂದು ತಪ್ಪು ವಾದವನ್ನೂ ಮುಂದಿಟ್ಟ. ಗಿಡ ತಿನ್ನುವುದೇ ನುಣ್ಣನೆಯ ಮಣ್ಣನ್ನು, ಹಾಗಾಗಿ ಚೆನ್ನಾಗಿ ಕೆದಕಿದರೆ ಸಾಕು, ಗೊಬ್ಬರ ಬೇಡ ಎಂದ. ವಿರೋಧಿಗಳಿಗೆ ಇಷ್ಟು ಸಾಕಾಯಿತು.

ಯಂತ್ರ ಬೇಗ ಹರಡಲಿಲ್ಲ. ಬೆಲೆ ಜಾಸ್ತಿ, ಭಾಗಗಳು ನಾಜೂಕು, ಕೆಟ್ಟರೆ ಸರಿಮಾಡಬಲ್ಲವರು ಊರಲ್ಲಿ ಸಿಗುತ್ತಿರಲಿಲ್ಲ. ಹೆಂಟೆ, ಕಲ್ಲು ತುಂಬಿದ ಹೊಲದಲ್ಲಿ ಅದು ನಡೆಯುತ್ತಲೂ ಇರಲಿಲ್ಲ. 1741ರಲ್ಲಿ ಟಲ್ ತೀರಿಕೊಂಡಾಗಲೂ ಬಹುಪಾಲು ರೈತರು ಬೀಜ ಚೆಲ್ಲುತ್ತಲೇ ಇದ್ದರು. 1782ರಲ್ಲಿ ಪಾದ್ರಿ ಜೇಮ್ಸ್ ಕುಕ್ ಇನ್ನೂ ಗಟ್ಟಿಯಾದ ಯಂತ್ರ ತಂದರು. 1800ರಲ್ಲಿ ಸಫೊಕ್‌ನ ಪೀಸನ್‌ಹಾಲ್ ಹಳ್ಳಿಯಲ್ಲಿ ಜೇಮ್ಸ್ ಸ್ಮಿತ್ ಬಿತ್ತನೆ ಯಂತ್ರದ ಕಾರ್ಖಾನೆ ಶುರುಮಾಡಿದರು. ಯಂತ್ರದ ಜೊತೆ ಅದನ್ನು ನಡೆಸಬಲ್ಲ ಆಳೂ ಬಾಡಿಗೆಗೆ ಹೊಲದಿಂದ ಹೊಲಕ್ಕೆ ಹೋಗುವ ಪದ್ಧತಿ ಬೆಳೆದ ಮೇಲೆ, ಯಂತ್ರ ಕೊಳ್ಳಲಾಗದ ಸಣ್ಣ ರೈತನೂ ಸಾಲಿನಲ್ಲಿ ಬಿತ್ತತೊಡಗಿದ.