ಎಡಿ 4-4, ಎಡಿ 5-5: ವಿಮಾನದ ರಿವೆಟ್ ನಂಬರ್ ಓದುವುದು ಹೇಗೆ

ಅಪ್ರೆಂಟಿಸ್ ಆಗಿ ನನಗಿದು ಮೂರನೇ ತಿಂಗಳು. ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿ, ದಿನಾ ತುಮಕೂರಿನಿಂದ ಪೀಣ್ಯ ಕಡೆಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ವಿಮಾನದ ಬಿಡಿಭಾಗ ಜೋಡಿಸುವ ಕಾರ್ಖಾನೆ. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯಿತಲ್ವಾ, ಆಮೇಲೆ ನಮ್ಮ ಕಡೆ ಈ ಕೆಲಸದ ಬಗ್ಗೆ ಕೇಳುವವರು ಜಾಸ್ತಿ. ನನ್ನ ಜೂನಿಯರ್‌ಗಳೂ ಕೇಳುತ್ತಿರುತ್ತಾರೆ. ಅರ್ಜಿ, ಪೋರ್ಟಲ್, ಸ್ಟೈಪೆಂಡ್ ವಿಷಯ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡುತ್ತೇನೆ. ನನಗೆ ಎರಡು ವಾರ ತಲೆ ಕೆಡಿಸಿದ್ದು ರಿವೆಟ್ ನಂಬರ್. ರಿವೆಟ್ ಅಂದರೆ ಶೀಟುಗಳನ್ನು ಸೇರಿಸಿ ಬಡಿಯುವ, ಒಂದು ಕಡೆ ತಲೆ ಇರುವ ಲೋಹದ ಕಡ್ಡಿ. ಮರೆಯುವ ಮುಂಚೆ ಅದನ್ನೇ ಬರೆದಿಡುತ್ತಿದ್ದೇನೆ.

ಡ್ರಾಯಿಂಗ್‌ನಲ್ಲಿ ಹೀಗಿರುತ್ತದೆ: ಎಂಎಸ್ 20470 ಎಡಿ 4-4. ಇದರಲ್ಲಿ ಎಂಎಸ್ ಅನ್ನುವುದು ಸ್ಟ್ಯಾಂಡರ್ಡ್‌ನ ಹೆಸರು, 20470 ಅಂದರೆ ಉಬ್ಬು ತಲೆಯ ರಿವೆಟ್. 20426 ಅಂತಿದ್ದರೆ ತಲೆ ಶೀಟಿನ ಮಟ್ಟಕ್ಕೆ ಕೂರುವಂಥದ್ದು, ಅಂದರೆ ಕೌಂಟರ್‌ಸಂಕ್. ಎಡಿ ಅನ್ನುವುದು ಅಲ್ಯೂಮಿನಿಯಂ ಜಾತಿ, 2117 ನಂಬರಿನ ಮಿಶ್ರಲೋಹ. ಇದರ ತಲೆ ಮೇಲೆ ನಡುವೆ ಒಂದು ಪುಟ್ಟ ಗುಳಿ ಇರುತ್ತದೆ. ಬೆರಳಿನಿಂದ ಮುಟ್ಟಿದರೆ ಗೊತ್ತಾಗುವುದಿಲ್ಲ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಆ ಗುಳಿಯ ಕತೆ ಆಮೇಲೆ ಬರುತ್ತದೆ. ಡಿಡಿ ಅಂತ ಇನ್ನೊಂದು ಜಾತಿ ಇದೆ, ಅದನ್ನು ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ, ಹೊರಗೆ ತೆಗೆದ ಮೇಲೆ ಗಟ್ಟಿಯಾಗುವ ಮುಂಚೆ ಬಡಿದು ಮುಗಿಸಬೇಕು. ನನ್ನ ಕೈಗೆ ಇನ್ನೂ ಕೊಟ್ಟಿಲ್ಲ.

ಈಗ ಕೊನೆಯ ಎರಡು ಅಂಕಿ. ನಾನು ಎಡವಿದ್ದು ಇಲ್ಲೇ.

ಮೊದಲ ಅಂಕಿ ದಪ್ಪ, ಎರಡನೆಯದು ಉದ್ದ. ಇಷ್ಟು ಎಲ್ಲರೂ ಹೇಳಿಕೊಡುತ್ತಾರೆ. ಆದರೆ ಎರಡರ ಅಳತೆ ಬೇರೆ ಬೇರೆ. ದಪ್ಪವನ್ನು ಇಂಚಿನ 32ನೇ ಭಾಗದಲ್ಲಿ ಎಣಿಸುತ್ತಾರೆ, ಉದ್ದವನ್ನು 16ನೇ ಭಾಗದಲ್ಲಿ. ನಾನು ಎಡಿ 5-5 ನೋಡಿ, ದಪ್ಪವೂ 5, ಉದ್ದವೂ 5, ಹಾಗಾದರೆ ಎರಡೂ ಒಂದೇ ಅಂದುಕೊಂಡೆ. ಹಾಗಲ್ಲ. ದಪ್ಪ 5/32 ಇಂಚು, ಸುಮಾರು 4 ಮಿ.ಮೀ. ಉದ್ದ 5/16 ಇಂಚು, ಸುಮಾರು 8 ಮಿ.ಮೀ. ಅಂಕಿ ಒಂದೇ ಆದರೂ ಉದ್ದ ದಪ್ಪದ ಎರಡರಷ್ಟು. ನಂಬಿಕೆ ಬರದಿದ್ದರೆ ಒಂದು ರಿವೆಟ್ ತಗೊಂಡು ಸ್ಟೀಲ್ ರೂಲ್ ಮೇಲೆ ಮಲಗಿಸಿ ನೋಡಿ. ಉಬ್ಬು ತಲೆಯದಾದರೆ ಉದ್ದವನ್ನು ತಲೆಯ ಕೆಳಗಿನಿಂದ ಅಳೆಯಬೇಕು, ತಲೆ ಸೇರಿಸಬಾರದು. ನಾನು ಹೀಗೆ ಅಳೆದ ದಿನವೇ ಗೊಂದಲ ಹೋಯಿತು.

ಎಷ್ಟು ಉದ್ದದ್ದು ಬೇಕು ಅಂತ ಲೆಕ್ಕ ಹಾಕಲು ಪುಸ್ತಕದ ಸೂತ್ರ: ಗ್ರಿಪ್‌ಗೆ ರಿವೆಟ್ ದಪ್ಪದ ಒಂದೂವರೆ ಪಟ್ಟು ಸೇರಿಸಿ. ಗ್ರಿಪ್ ಅಂದರೆ ಜೋಡಿಸುವ ಶೀಟುಗಳ ಒಟ್ಟು ದಪ್ಪ. ಆಚೆ ಕಡೆ ಚಾಚಿಕೊಂಡ ಆ ಒಂದೂವರೆ ಪಟ್ಟು ಲೋಹ ಏಟಿಗೆ ಚಪ್ಪಟೆಯಾಗಿ ಇನ್ನೊಂದು ತಲೆ ಆಗುತ್ತದೆ, ಸ್ವಲ್ಪ ಒಳಗೆ ಉಬ್ಬಿ ರಂಧ್ರ ತುಂಬುತ್ತದೆ. ಹೀಗೆ ಆದ ತಲೆಗೆ ಶಾಪ್ ಹೆಡ್ ಅನ್ನುತ್ತಾರೆ.

ಶೀಟು ಮಿಲಿಮೀಟರ್‌ನಲ್ಲಿ, ರಿವೆಟ್ ಇಂಚಿನಲ್ಲಿ. ಪ್ರತಿ ಸಲ 25.4ರಿಂದ ಗುಣಿಸಿ ಭಾಗಿಸಿ ಸಾಕಾಗಿತ್ತು. ಒಂದು ಸಂಜೆ ಬಸ್ಸಿನಲ್ಲಿ ಬರುವಾಗ ಸುಮ್ನೆ ಬರೆಯುತ್ತಾ ಕೂತಿದ್ದೆ, ಡಾಬಸ್‌ಪೇಟೆ ಬರುವಷ್ಟರಲ್ಲಿ ದಾರಿ ಸಿಕ್ಕಿತು. ಇಂಚಿನ 32ನೇ ಒಂದು ಭಾಗ ಅಂದರೆ ಸುಮಾರು 0.8 ಮಿ.ಮೀ. 16ನೇ ಒಂದು ಭಾಗ ಅಂದರೆ 1.6. ಹಾಗಾಗಿ ಮೊದಲ ಅಂಕಿಯನ್ನು 0.8ರಿಂದ ಗುಣಿಸಿದರೆ ದಪ್ಪ, ಎರಡನೆಯದನ್ನು 1.6ರಿಂದ ಗುಣಿಸಿದರೆ ಉದ್ದ. ದಪ್ಪದ ಒಂದೂವರೆ ಪಟ್ಟು ಬೇಕಾದರೆ ಮೊದಲ ಅಂಕಿಯನ್ನು ನೇರ 1.2ರಿಂದ ಗುಣಿಸಿ. ಅದಕ್ಕೆ ಗ್ರಿಪ್ ಕೂಡಿಸಿ, 1.6ರಿಂದ ಭಾಗಿಸಿ. ಎರಡನೇ ಅಂಕಿ ಬಂತು!

ಮಾಡಿ ನೋಡೋಣ. 0.8ರ ಎರಡು ಶೀಟು, ಎಡಿ 4 ರಿವೆಟ್. ಗ್ರಿಪ್ 1.6. ನಾಲ್ಕು ಇಂಟು 1.2 ಅಂದರೆ 4.8. ಕೂಡಿದರೆ 6.4. ಭಾಗಿಸಿದರೆ 4. ಎಡಿ 4-4. ಅದೇ 1.6ರ ಎರಡು ಶೀಟು ಆದರೆ ಗ್ರಿಪ್ 3.2, ಕೂಡಿದರೆ 8, ಭಾಗಿಸಿದರೆ 5. ಎಡಿ 4-5. ಇನ್ನು 1 ಮಿ.ಮೀ.ನ ಎರಡು ಶೀಟಿಗೆ ಎಡಿ 5 ಹಾಕಿದರೆ 2ಕ್ಕೆ 6 ಕೂಡಿ 8, ಅಲ್ಲಿಗೆ ಎಡಿ 5-5. ನನ್ನನ್ನು ಕಾಡಿದ ನಂಬರ್ ಕೂಡ ಹೀಗೇ ಬಂತು. ಆದರೆ ಡ್ರಾಯಿಂಗ್‌ನಲ್ಲಿ ಏನು ಕೊಟ್ಟಿದ್ದಾರೋ ಅದೇ ಕೊನೆ. ಈ ಲೆಕ್ಕ ಇರುವುದು ಡಬ್ಬಿಯಿಂದ ತಪ್ಪು ರಿವೆಟ್ ಕೈಗೆ ಬಂದಾಗ ಹಿಡಿಯಲಿಕ್ಕೆ.

ಬಡಿದ ಮೇಲೆ ಶಾಪ್ ಹೆಡ್ ಅಗಲ ರಿವೆಟ್ ದಪ್ಪದ ಒಂದೂವರೆ ಪಟ್ಟು, ಎತ್ತರ ಆ ದಪ್ಪದ ಅರ್ಧ. ಎಡಿ 4ಕ್ಕೆ 4.8 ಮತ್ತು 1.6. ವರ್ನಿಯರ್ ಇಟ್ಟು ನೋಡಿ.

ರಂಧ್ರ ಕೊರೆಯುವ ಡ್ರಿಲ್ ಬಿಟ್ ನಂಬರ್ ಉಲ್ಟಾ. ನಂಬರ್ ಹೆಚ್ಚಾದಷ್ಟೂ ಬಿಟ್ ಸಣ್ಣ. ಎಡಿ 3ಕ್ಕೆ 40, ಎಡಿ 4ಕ್ಕೆ 30, ಎಡಿ 5ಕ್ಕೆ 21. ಶೀಟು ಹಿಡಿದಿಡುವ ಕ್ಲೀಕೋ ಬಣ್ಣವೂ ಇದೇ ಸಾಲಿನಲ್ಲಿ: ಬೆಳ್ಳಿ, ತಾಮ್ರ, ಕಪ್ಪು.

ಬಡಿಯಲು ಇಬ್ಬರು ಬೇಕು. ಒಬ್ಬರು ರಿವೆಟ್ ಬಡಿಯುವ ಗನ್ ಹಿಡಿಯುತ್ತಾರೆ, ಇನ್ನೊಬ್ಬರು ಆಚೆ ಕಡೆ ಬಕಿಂಗ್ ಬಾರ್ ಅನ್ನುವ ಭಾರದ ಲೋಹದ ತುಂಡು ಒತ್ತಿ ಹಿಡಿಯುತ್ತಾರೆ. ಮುಖ ಕಾಣುವುದಿಲ್ಲ, ಕಿವಿಗೆ ಮಫ್ ಬೇರೆ. ಅದಕ್ಕೆ ಬಾರ್‌ನಿಂದ ತಟ್ಟಿ ಹೇಳುವುದು. ಒಂದು ತಟ್ಟಿದರೆ ಇನ್ನೂ ಹೊಡಿ, ಎರಡು ತಟ್ಟಿದರೆ ಸರಿಯಾಯಿತು, ಮೂರು ತಟ್ಟಿದರೆ ಕೆಟ್ಟಿತು, ತೆಗಿ. ಆ ಎರಡು ತಟ್ಟು ಕೇಳಿದಾಗ ನನಗೆ ಈಗಲೂ ತುಂಬ ಖುಷಿ.

ನನ್ನ ತರಬೇತಿ ಪೀಸಿನಲ್ಲಿ ಒಮ್ಮೆ ಮೂರು ಬಿತ್ತು. ಗನ್ ಸ್ವಲ್ಪ ಓರೆಯಾಗಿ ತಲೆ ಪಕ್ಕ ಅರ್ಧಚಂದ್ರದ ಗುರುತು ಬಿದ್ದಿತ್ತು. ತೆಗೆಯುವಾಗ ತಲೆಯ ಗುಳಿಯಲ್ಲಿ ಬಿಟ್ ಕೂರಿಸಿ, ತಲೆಯ ಆಳದಷ್ಟೇ ಕೊರೆದು, ತಲೆ ಮುರಿದು, ಉಳಿದ ಕಡ್ಡಿಯನ್ನು ಪಂಚ್‌ನಿಂದ ತಳ್ಳಬೇಕು. ಗುಳಿ ಇರುವುದೇ ಇದಕ್ಕೆ ಅನ್ನುವಷ್ಟು ಉಪಯೋಗ ಅದರದ್ದು. ನಾನು ಅವಸರದಲ್ಲಿ ಕಡ್ಡಿಯ ಉದ್ದಕ್ಕೂ ಕೊರೆದುಬಿಟ್ಟೆ. ರಂಧ್ರ ಮೊಟ್ಟೆಯಾಕಾರ ಆಯಿತು.

ಒಂದು ಸೈಜ್ ದೊಡ್ಡದು, ಎಡಿ 5 ಹಾಕಿದರೆ ಆಯಿತು ಅಂದುಕೊಂಡು ತರಬೇತಿ ಕೊಡುವ ಸರ್ ಹತ್ತಿರ ಹೋದೆ.

"ಅಂಚಿನಿಂದ ಎಷ್ಟಿದೆಯಪ್ಪ?" ಅಂದರು.

"ಏಳು ಮಿ.ಮೀ. ಸರ್."

"ಲೆಕ್ಕ ಹಾಕು."

ಉಬ್ಬು ತಲೆಯ ರಿವೆಟ್‌ನ ನಡುವಿನಿಂದ ಶೀಟಿನ ಅಂಚಿಗೆ ಕಡಿಮೆ ಅಂದರೂ ದಪ್ಪದ ಎರಡು ಪಟ್ಟು ಇರಬೇಕು. ಎಡಿ 4ಕ್ಕೆ 6.4 ಸಾಕು, 7 ಇದೆ, ಸರಿ. ಎಡಿ 5ಕ್ಕೆ 8 ಬೇಕು. ಅಲ್ಲಿ ಜಾಗವೇ ಇಲ್ಲ. ಅಂಚು ಹತ್ತಿರವಾದರೆ ಶೀಟು ಅಲ್ಲಿಂದಲೇ ಹರಿಯುತ್ತದೆ. ನಿಜವಾದ ಭಾಗ ಆಗಿದ್ದರೆ ಅಪ್ರೆಂಟಿಸ್ ಏನು, ಸೂಪರ್‌ವೈಸರ್ ಕೂಡ ತಾನೇ ತೀರ್ಮಾನ ಮಾಡುವ ಹಾಗಿಲ್ಲ. ಟ್ಯಾಗ್ ಕಟ್ಟಿ ಪಕ್ಕಕ್ಕಿಟ್ಟು ಕ್ವಾಲಿಟಿಯವರಿಗೆ ತಿಳಿಸಬೇಕು.

ತರಬೇತಿ ಪೀಸ್ ಆದರೂ ಸರ್ ನನ್ನ ಕೈಯಲ್ಲೇ ಟ್ಯಾಗ್ ಬರೆಸಿದರು. ರಂಧ್ರದ ಅಳತೆ, ಅಂಚಿನ ದೂರ, ಕಾರಣ, ನನ್ನ ಸಹಿ. ಆ ಪೀಸು ಈಗಲೂ ತರಬೇತಿ ಬೆಂಚಿನ ಮೇಲೆ ಇದೆ, ಹೊಸದಾಗಿ ಬಂದವರಿಗೆ ಮೊದಲು ಅದನ್ನೇ ಕೈಗೆ ಕೊಟ್ಟು ಅಂಚು ಅಳೆಯಲು ಹೇಳುತ್ತಾರೆ.