ಮಲ್ಟಿ-ಏಜೆಂಟ್ ವ್ಯವಸ್ಥೆಗೆ ಯಾವ ಪ್ಲಾಟ್‌ಫಾರ್ಮ್? ಮೊದಲು ಗಡಿಯಾರ ಯಾರದೆಂದು ನೋಡಿ

ತಾವಾಗಿಯೇ ನಿರ್ಧರಿಸುವ ಹಲವು ಪ್ರೋಗ್ರಾಂಗಳು, ಅಂದರೆ ಏಜೆಂಟ್‌ಗಳು, ಒಂದೇ ಕಡೆ ಕೆಲಸ ಮಾಡಿದರೆ ಅದು ಮಲ್ಟಿ-ಏಜೆಂಟ್ ವ್ಯವಸ್ಥೆ. ಇದರ ಪ್ರಾಜೆಕ್ಟ್ ಹತ್ತಿರ ಬಂದಂತೆ ವಿದ್ಯಾರ್ಥಿಗಳೆಲ್ಲರ ಬಾಯಲ್ಲೂ ಒಂದೇ ಮಾತು: ಜೇಡ್ ತಗೊಳ್ಳೋದಾ, ನೆಟ್‌ಲೋಗೋ ತಗೊಳ್ಳೋದಾ, ಪೈಥಾನ್‌ನಲ್ಲೇ ಏನಾದರೂ ಸಿಗತ್ತಾ? ಸೌಲಭ್ಯಗಳ ಪಟ್ಟಿ ಹಿಡಿದು ಕೂತರೆ ಇದು ಬಗೆಹರಿಯುವುದಿಲ್ಲ. ನಾನು ಮೊದಲು ನೋಡುವುದು ಬೇರೆಯದನ್ನು: ಈ ವ್ಯವಸ್ಥೆಯಲ್ಲಿ ಸಮಯವನ್ನು ಮುಂದೆ ತಳ್ಳುವವರು ಯಾರು? ನಾವೋ, ಹೊರಗಿನ ಜಗತ್ತೋ?

ಒಂದು ಪಾರ್ಸೆಲ್ ಕಚೇರಿ, ಅದಕ್ಕೆ ಹಲವು ಗೂಡ್ಸ್ ಆಟೊಗಳು ಎಂದುಕೊಳ್ಳಿ. ಪ್ರತಿ ಆಟೊಗೂ ಒಂದು ಏಜೆಂಟ್. ಇದರಿಂದಲೇ ಎರಡು ಪ್ರಾಜೆಕ್ಟ್ ಹುಟ್ಟುತ್ತವೆ. ಮೊದಲನೆಯದು: ‘ಪ್ರತಿ ಆಟೊದವನೂ ಹತ್ತಿರದ ಪಾರ್ಸೆಲ್ಲನ್ನೇ ಹಿಡಿದರೆ ಊರಿನ ಅಂಚಿನ ಗಿರಾಕಿ ಎಷ್ಟು ಹೊತ್ತು ಕಾಯಬೇಕು?’ ಇಲ್ಲಿ ಆಟೊಗಳು ನಿಜವಲ್ಲ, ಗಡಿಯಾರ ನಮ್ಮ ಕೈಯಲ್ಲಿದೆ. ಎರಡನೆಯದು: ಪ್ರತಿ ಆಟೊದ ಫೋನಿನಲ್ಲೂ ಒಂದು ಪ್ರೋಗ್ರಾಂ ಓಡುತ್ತಿದೆ, ಕಚೇರಿಯ ಜೊತೆ ಬಾಡಿಗೆ ಚೌಕಾಸಿ ಮಾಡುತ್ತದೆ. ಯಾರ ಉತ್ತರ ಯಾವಾಗ ಬರುತ್ತದೋ, ಬಾರದೇ ಹೋಗುತ್ತದೋ ಹೇಳಲಾಗದು. ಇಲ್ಲಿ ಗಡಿಯಾರ ನಮ್ಮದಲ್ಲ.

ಮೊದಲನೆಯದಕ್ಕೆ ಸಿಮ್ಯುಲೇಶನ್ ಉಪಕರಣವಾದ ನೆಟ್‌ಲೋಗೋ ಸಾಕು. ಯೂರಿ ವಿಲೆನ್ಸ್ಕಿ 1999ರಲ್ಲಿ ಇದನ್ನು ರೂಪಿಸಿದರು. ಚಲಿಸುವ ಏಜೆಂಟ್‌ಗಳು ಟರ್ಟಲ್, ನೆಲದ ಚೌಕಗಳು ಪ್ಯಾಚ್, ಸಮಯದ ಒಂದು ಹೆಜ್ಜೆ ಟಿಕ್. ‘ಆಸ್ಕ್ ಟರ್ಟಲ್ಸ್’ ಎಂದಾಗ ಎಲ್ಲ ಟರ್ಟಲ್‌ಗಳೂ ಒಟ್ಟಿಗೆ ಓಡುವುದಿಲ್ಲ, ಇದು ನೆನಪಿರಲಿ. ಒಂದರ ಕೆಲಸ ಮುಗಿದ ಮೇಲೆ ಇನ್ನೊಂದು, ಸರದಿ ಮಾತ್ರ ಪ್ರತಿ ಸಲವೂ ಕಲೆಸಿ ಹೋಗುತ್ತದೆ. ಈ ಕಲೆಸುವಿಕೆಗೆ ಆರಂಭದ ಸಂಖ್ಯೆ ಕೊಡುವ ರ‍್ಯಾಂಡಮ್-ಸೀಡ್ ಒಂದೇ ಇಟ್ಟರೆ ಅದೇ ಓಟ ಮತ್ತೆ ಸಿಗುತ್ತದೆ. ಬಿಹೇವಿಯರ್‌ಸ್ಪೇಸ್ ಎಂಬ ಉಪಕರಣದಿಂದ ಆಟೊಗಳ ಸಂಖ್ಯೆ ಬದಲಿಸುತ್ತಾ ನೂರಾರು ಓಟ ತೆಗೆಯಬಹುದು. ಪೈಥಾನ್ ಬಿಟ್ಟು ಬರಲು ಮನಸ್ಸಿಲ್ಲದವರಿಗೆ ಇದೇ ಬಗೆಯ ಕೆಲಸಕ್ಕೆ ಮೆಸಾ ಎಂಬ ಪೈಥಾನ್ ಲೈಬ್ರರಿ ಇದೆ. ಒಂದು ಎಚ್ಚರಿಕೆ: ಮೆಸಾ 3ರಲ್ಲಿ ಏಜೆಂಟ್‌ಗಳ ಸರದಿ ನಡೆಸುತ್ತಿದ್ದ ಹಳೆಯ ಶೆಡ್ಯೂಲರ್‌ಗಳ ಜಾಗಕ್ಕೆ ಏಜೆಂಟ್‌ಸೆಟ್ ಬಂದಿದೆ. ಹಳೆಯ ಟ್ಯುಟೋರಿಯಲ್‌ನ ಕೋಡ್ ಅಂಟಿಸಿ ಓಡಲಿಲ್ಲವೆಂದು ತಲೆ ಕೆಡಿಸಿಕೊಳ್ಳಬೇಡಿ.

ಎರಡನೆಯದಕ್ಕೆ ಬರೋಣ. ಹೆಚ್ಚು ಓದಬೇಕಾದದ್ದು ಇಲ್ಲೇ. ಜೇಡ್ ಎಂಬ ಜಾವಾ ಪ್ಲಾಟ್‌ಫಾರ್ಮ್ ಇಟಲಿಯ ಟುರಿನ್‌ನಲ್ಲಿ, ಟೆಲಿಕಾಂ ಇಟಾಲಿಯಾದ ಸಂಶೋಧನಾ ವಿಭಾಗದಲ್ಲಿ ಬೆಳೆದದ್ದು. 2000ರಲ್ಲಿ ಓಪನ್ ಸೋರ್ಸ್ ಆಯಿತು. 1996ರಲ್ಲಿ ಹುಟ್ಟಿದ ಫಿಪಾ ಎಂಬ ಸಂಸ್ಥೆ ಏಜೆಂಟ್‌ಗಳಿಗಾಗಿ ರೂಪಿಸಿದ ಮಾನದಂಡಗಳೇ ಅದರ ಬೆನ್ನೆಲುಬು. ಏಜೆಂಟ್‌ಗಳು ನೆಲೆಸುವ ಜಾಗಕ್ಕೆ ಇಲ್ಲಿ ಕಂಟೇನರ್ ಎನ್ನುತ್ತಾರೆ. ಜೇಡ್ ಶುರುವಾದ ತಕ್ಷಣ ಮೇನ್ ಕಂಟೇನರ್‌ನಲ್ಲಿ ಇಬ್ಬರು ಹಾಜರು: ಏಜೆಂಟ್‌ಗಳ ಹೆಸರು, ಹುಟ್ಟು-ಸಾವುಗಳ ಲೆಕ್ಕ ಇಡುವ ಎಎಂಎಸ್, ಯಾರು ಯಾವ ಸೇವೆ ಕೊಡುತ್ತಾರೆಂದು ಹೇಳುವ ಡಿಎಫ್. ಆಟೊ ಏಜೆಂಟ್ ಡಿಎಫ್‌ನಲ್ಲಿ ‘ಸಾಗಾಟ’ ಎಂದು ನೋಂದಾಯಿಸಿದರೆ, ಕಚೇರಿ ಅದರ ಹೆಸರು ತಿಳಿಯದೆಯೂ ಹುಡುಕಿಕೊಳ್ಳುತ್ತದೆ. ಏಜೆಂಟ್ ಮುಗಿಯುವಾಗ ಓಡುವ ಟೇಕ್‌ಡೌನ್ ಎಂಬ ಮೆಥಡ್‌ನಲ್ಲಿ ಡಿಎಫ್ ನೋಂದಣಿ ರದ್ದು ಮಾಡುವುದು ನಮ್ಮ ಕೆಲಸ. ಮರೆತರೆ ಕಚೇರಿ ಇಲ್ಲದ ಆಟೊಗಳಿಗೆ ಸಂದೇಶ ಕಳಿಸುತ್ತಾ ಕೂರುತ್ತದೆ.

ಚೌಕಾಸಿಗೆ ರೀಡ್ ಸ್ಮಿತ್ 1980ರಲ್ಲಿ ವಿವರಿಸಿದ ಕಾಂಟ್ರ್ಯಾಕ್ಟ್ ನೆಟ್ ಪ್ರೋಟೋಕಾಲ್ ಇದೆ. ಕಚೇರಿ ಸಿಎಫ್‌ಪಿ, ಅಂದರೆ ‘ನಿಮ್ಮ ಪ್ರಸ್ತಾವ ಕೊಡಿ’ ಎಂಬ ಕರೆ ಕಳಿಸುತ್ತದೆ, ಆಟೊಗಳು ಪ್ರಪೋಸ್ (ಬೆಲೆ ಹೇಳುವುದು) ಅಥವಾ ರೆಫ್ಯೂಸ್ (ಬೇಡ) ಅನ್ನುತ್ತವೆ, ಕಚೇರಿ ಒಬ್ಬರನ್ನು ಒಪ್ಪಿ ಉಳಿದವರನ್ನು ಬಿಡುತ್ತದೆ. ಜೇಡ್‌ನಲ್ಲಿ ಇದಕ್ಕೆ ಕಾಂಟ್ರ್ಯಾಕ್ಟ್‌ನೆಟ್‌ಇನಿಶಿಯೇಟರ್, ಕಾಂಟ್ರ್ಯಾಕ್ಟ್‌ನೆಟ್‌ರೆಸ್ಪಾಂಡರ್ ಎಂಬ ಸಿದ್ಧ ಕ್ಲಾಸ್‌ಗಳಿವೆ. ಸಿಎಫ್‌ಪಿಯಲ್ಲಿ ಗಡುವು ಹಾಕಿದರೆ, ಎಲ್ಲ ಉತ್ತರ ಬಂದಾಗ ಇಲ್ಲವೇ ಗಡುವು ಮುಗಿದಾಗ ಆಯ್ಕೆಯ ಹಂತ ಶುರು. ನೆಟ್‌ವರ್ಕ್ ಸಿಗದೆ ಸುಮ್ಮನಾದ ಆಟೊಗಾಗಿ ಉಳಿದವರು ಕಾಯಬೇಕಿಲ್ಲ. ನಿಜವಾದ ಗಡಿಯಾರದ ಜೊತೆ ಬದುಕುವುದೆಂದರೆ ಇದೇ. ನೆಟ್‌ಲೋಗೋದಲ್ಲಿ ಇಂಥ ಮೌನವನ್ನೂ ನಾವೇ ನಟಿಸಿ ತೋರಿಸಬೇಕು.

ಎಡವುವ ಜಾಗವೊಂದಿದೆ. ಜೇಡ್‌ನಲ್ಲಿ ಒಂದು ಏಜೆಂಟ್‌ಗೆ ಒಂದು ಥ್ರೆಡ್. ಅದರ ಬಿಹೇವಿಯರ್‌ಗಳೆಲ್ಲ, ಅಂದರೆ ಅದು ಮಾಡುವ ಬಿಡಿ ಕೆಲಸಗಳೆಲ್ಲ, ಆ ಥ್ರೆಡ್ಡನ್ನೇ ಹಂಚಿಕೊಳ್ಳುತ್ತವೆ, ಒಂದರ ಆ್ಯಕ್ಷನ್ ತಾನಾಗಿ ಮುಗಿಯದೆ ಇನ್ನೊಂದಕ್ಕೆ ಸರದಿ ಇಲ್ಲ. ಒಳಗೆ ಸ್ಲೀಪ್ ಬರೆದಿರೋ, ಏಜೆಂಟ್ ಪೂರ್ತಿ ಸ್ತಬ್ಧ. ಇನ್ನು ಸಂದೇಶ ತೆಗೆದುಕೊಳ್ಳುವ ರಿಸೀವ್. ಸಂದೇಶ ಇಲ್ಲದಿದ್ದರೆ ಅದು ನಲ್ ಕೊಟ್ಟು ತಕ್ಷಣ ಹಿಂದಿರುಗುತ್ತದೆ. ಆಗ ಬ್ಲಾಕ್ ಕರೆಯದಿದ್ದರೆ, ಮತ್ತೆ ಮತ್ತೆ ಓಡುವ ಸೈಕ್ಲಿಕ್ ಬಿಹೇವಿಯರ್ ಸುಮ್ಮನೆ ಸುತ್ತುತ್ತಲೇ ಇದ್ದು ಲ್ಯಾಪ್‌ಟಾಪ್ ಫ್ಯಾನ್ ಕೂಗತೊಡಗುತ್ತದೆ. ಬ್ಲಾಕ್ ಎಂದರೆ ಥ್ರೆಡ್ ಅಲ್ಲೇ ನಿಲ್ಲುತ್ತದೆಂದಲ್ಲ, ಮುಂದಿನ ಸಂದೇಶದವರೆಗೆ ಆ ಬಿಹೇವಿಯರ್ ಬದಿಗೆ ಸರಿಯುತ್ತದೆ ಅಷ್ಟೆ. ಏಜೆಂಟನ್ನೇ ನಿಲ್ಲಿಸುವುದು ಬ್ಲಾಕಿಂಗ್‌ರಿಸೀವ್. ಇವೆರಡರ ವ್ಯತ್ಯಾಸ ವೈವಾದಲ್ಲಿ ಕೇಳಲು ಹೇಳಿ ಮಾಡಿಸಿದ ಪ್ರಶ್ನೆ. ಸಂದೇಶ ಎಲ್ಲಿ ಕಳೆದುಹೋಯಿತೆಂದು ತಿಳಿಯದಿದ್ದರೆ ಜೇಡ್‌ನ ಸ್ನಿಫರ್ ಎಂಬ ಉಪಕರಣ ತೆರೆಯಿರಿ, ಯಾರಿಂದ ಯಾರಿಗೆ ಏನು ಹೋಯಿತೆಂದು ಬಾಣದ ಗುರುತುಗಳಲ್ಲಿ ಕಾಣುತ್ತದೆ. ಈ ಒಂದು ಕಾರಣಕ್ಕೇ ಕಲಿಯುವವರಿಗೆ ನಾನು ಜೇಡ್ ಹೇಳುತ್ತೇನೆ, ಜಾವಾ ಎಷ್ಟೇ ಉದ್ದುದ್ದ ಬರೆಸಿದರೂ.

ಜಾವಾ ಬೇಡವೇ ಬೇಡ ಎನ್ನುವವರಿಗೆ ಪೈಥಾನ್‌ನ ಸ್ಪೇಡ್. ಅಲ್ಲಿ ಸಂದೇಶ ಸಾಗುವುದು ಎಕ್ಸ್‌ಎಂಪಿಪಿ ಎಂಬ ಚಾಟ್ ಪ್ರೋಟೋಕಾಲ್ ಮೇಲೆ. ಪ್ರತಿ ಏಜೆಂಟ್‌ಗೂ ಒಂದು ಐಡಿ, ಒಂದು ಪಾಸ್‌ವರ್ಡ್.

ಗಡಿಯಾರ ನಮ್ಮದಲ್ಲ ಎಂದಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಏಜೆಂಟ್‌ನ ತಲೆಯೊಳಗೆ ಎಷ್ಟು ಕೆಲಸವಿದೆ? ಆಟೊ ಅರ್ಧ ದಾರಿಯಲ್ಲಿದ್ದಾಗ ಗ್ಯಾಸ್ ಮುಗಿಯುತ್ತ ಬಂತು, ಅಷ್ಟರಲ್ಲಿ ತುರ್ತು ಪಾರ್ಸೆಲ್ ಬಂತು. ಹಳೆಯ ಗುರಿ ಬಿಡಬೇಕೆ, ಮುಂದೂಡಬೇಕೆ? ಇಂಥ ಗೊಂದಲವನ್ನು ಜಾವಾದ ಇಫ್-ಎಲ್ಸ್‌ಗಳಲ್ಲಿ ಬರೆದರೆ ಬೇಗ ಸಿಕ್ಕುಸಿಕ್ಕಾಗುತ್ತದೆ. ನಂಬಿಕೆ, ಬಯಕೆ, ಸಂಕಲ್ಪ ಎಂದು ಬಿಡಿಸಿ ನೋಡುವ ಬಿಡಿಐ ಮಾದರಿ ಇಲ್ಲಿ ನೆರವಿಗೆ ಬರುತ್ತದೆ. ಅದರ ಬೇರು ತತ್ತ್ವಜ್ಞಾನಿ ಮೈಕೆಲ್ ಬ್ರಾಟ್‌ಮನ್ ಅವರ ಚಿಂತನೆಯಲ್ಲಿದೆ. ಆನಂದ್ ರಾವ್ 1996ರಲ್ಲಿ ಏಜೆಂಟ್‌ಸ್ಪೀಕ್ ಭಾಷೆಯನ್ನು ಮುಂದಿಟ್ಟರು, ಅದನ್ನು ಓಡಿಸಲು ರಫಾಯೆಲ್ ಬೋರ್ಡಿನಿ ಮತ್ತು ಜೋಮಿ ಹ್ಯೂಬ್ನರ್ ಜೇಸನ್ ಕಟ್ಟಿದರು. ಜೇಸನ್‌ನ ಪ್ಲ್ಯಾನ್‌ಗೆ ಮೂರು ಭಾಗ: ಎಬ್ಬಿಸುವ ಘಟನೆ, ಅದು ಹೊಂದುವ ಸಂದರ್ಭ, ಮಾಡಬೇಕಾದ ಕೆಲಸ. ಗುರಿ ಕೈಗೂಡದಿದ್ದಾಗ ಏನು ಮಾಡಬೇಕೆಂಬುದಕ್ಕೂ ಪ್ರತ್ಯೇಕ ಪ್ಲ್ಯಾನ್ ಬರೆಯಬಹುದು. ಆದರೆ ನಿಮ್ಮ ಏಜೆಂಟ್ ಬೆಲೆ ಹೇಳಿ ಸುಮ್ಮನಾಗುವಂಥದ್ದಾದರೆ ಇಷ್ಟೆಲ್ಲ ಬೇಕಿಲ್ಲ. ಪ್ರೋಲಾಗ್ ಎಂಬ ತರ್ಕ ಆಧಾರಿತ ಭಾಷೆ ಕಂಡವರಿಗೆ ಜೇಸನ್ ಸಲೀಸು, ಉಳಿದವರಿಗೆ ಶುರುವಿನಲ್ಲಿ ಬೆವರು.

ಆಟೋಜೆನ್, ಕ್ರ್ಯೂಎಐ, ಲ್ಯಾಂಗ್‌ಗ್ರಾಫ್ ಬಗ್ಗೆ ಕೇಳುವವರೂ ಈಗ ಬಹಳ. ಅಲ್ಲಿ ಏಜೆಂಟ್‌ನ ತಲೆ ಎಂದರೆ ಚಾಟ್‌ಬಾಟ್‌ಗಳ ಹಿಂದಿರುವಂಥ ಭಾಷಾ ಮಾದರಿ. ಪ್ರತಿ ಯೋಚನೆಗೂ ಸಾಮಾನ್ಯವಾಗಿ ಟೋಕನ್ (ಪದದ ತುಣುಕು) ಲೆಕ್ಕದಲ್ಲಿ ದುಡ್ಡು, ಒಂದೇ ಪ್ರಶ್ನೆಗೆ ಎರಡು ಸಲ ಎರಡು ಉತ್ತರ ಬರಬಹುದು. ಇಮೇಲ್ ಓದಿ ಅರ್ಥ ಮಾಡಿಕೊಳ್ಳುವಂಥ, ಭಾಷೆಯೇ ಮುಖ್ಯವಾದ ಕೆಲಸಕ್ಕೆ ಅವು ಸರಿ. ಯಾವ ಆಟೊ ಅಗ್ಗ ಎಂದು ಎರಡು ಸಂಖ್ಯೆ ಹೋಲಿಸಲು ಭಾಷಾ ಮಾದರಿಯನ್ನು ಕರೆಯುವುದು ದುಂದು.

ಎರಡು ಪ್ಲಾಟ್‌ಫಾರ್ಮ್‌ಗಳ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಎರಡರಲ್ಲೂ ಒಂದೇ ಪುಟ್ಟ ಪ್ರಯೋಗ ಮಾಡಿ: ಒಂದು ಕಚೇರಿ, ಮೂರು ಆಟೊ, ಒಂದು ಪಾರ್ಸೆಲ್. ಒಪ್ಪಂದವಾದ ಮೇಲೆ ಗೆದ್ದ ಆಟೊ ಏಜೆಂಟನ್ನು ನಡುವೆಯೇ ಕೊಂದುಬಿಡಿ. ಅದು ಸತ್ತದ್ದು ಕಚೇರಿಗೆ ಹೇಗೆ ತಿಳಿಯಿತು, ಪಾರ್ಸೆಲ್ ಮತ್ತೆ ಹರಾಜಿಗೆ ಬರಲು ನೀವು ಎಷ್ಟು ಕೋಡ್ ಬರೆಯಬೇಕಾಯಿತು ಎಂಬುದನ್ನು ನೋಡಿ ಆರಿಸಿಕೊಳ್ಳಿ.