ರೇನಾಡ್ಸ್: ನಿಫೆಡಿಪಿನ್ ಬರೆಯುವ ಮೊದಲು

ಚಳಿಗೆ, ಒತ್ತಡಕ್ಕೆ ಬೆರಳ ರಕ್ತನಾಳ ಬಿಗಿದು ಬೆರಳು ಬಿಳಿಚುವ ತೊಂದರೆಯೇ ರೇನಾಡ್ಸ್. ಅದರ ಚಿಕಿತ್ಸೆ ಅಂದ ಕೂಡಲೇ ವೈದ್ಯಕೀಯ ಓದಿದ ನಾವೆಲ್ಲ ನಿಫೆಡಿಪಿನ್ (ನಾಳ ಹಿಗ್ಗಿಸುವ ಬಿಪಿ ಮಾತ್ರೆ) ಅಂತ ಬಾಯಿಪಾಠ ಹೇಳುತ್ತೇವೆ. ವೈವಾಗೆ, ಅಂದರೆ ಮೌಖಿಕ ಪರೀಕ್ಷೆಗೆ, ಅಷ್ಟು ಸಾಕು. ಓಪಿಡಿಯಲ್ಲಿ ಸಾಲದು. ಎಷ್ಟೋ ಜನರಿಗೆ ಮಾತ್ರೆಯೇ ಬೇಕಾಗುವುದಿಲ್ಲ. ಇನ್ನು ಕೆಲವರಿಗೆ, ಈಗಾಗಲೇ ನುಂಗುತ್ತಿರುವ ಒಂದು ಮಾತ್ರೆಯನ್ನು ಬದಲಿಸುವುದೇ ಮುಖ್ಯ ಚಿಕಿತ್ಸೆ.

ಒಳಗೆ ಏನಾಗುತ್ತದೆ ಎಂಬುದನ್ನು ಬೇಗ ನೋಡಿಬಿಡೋಣ. ಬೆರಳ ತುದಿಯ ರಕ್ತನಾಳಗಳಿಗೆ ಮೈಯ ಬಿಸಿ ಕಾಯುವ ಕೆಲಸವೂ ಇದೆ. ಚಳಿಯಾದರೆ ಎಲ್ಲರಲ್ಲೂ ಅವು ಕಿರಿದಾಗುತ್ತವೆ. ರೇನಾಡ್ಸ್ ಇದ್ದವರಲ್ಲಿ ಅದು ಅತಿಯಾಗುತ್ತದೆ. ತಂಪು ತಗುಲಿದಾಗ ಆಲ್ಫಾ-2ಸಿ ಗ್ರಾಹಕಗಳು (ನಾಳ ಬಿಗಿಸುವ ಸಂದೇಶ ಹಿಡಿಯುವ ಪ್ರೋಟೀನ್‌ಗಳು) ನಾಳದ ಸ್ನಾಯುಕೋಶದ ಒಳಗಿಂದ ಮೇಲ್ಮೈಗೆ ಬರುತ್ತವೆ. ಆಮೇಲೆ ನರದಿಂದ ಬರುವ ರಾಸಾಯನಿಕ ನಾರ್‌ಅಡ್ರಿನಾಲಿನ್ ಸ್ವಲ್ಪ ಬಂದರೂ ನಾಳ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಗಾಬರಿ, ಒತ್ತಡದಿಂದಲೂ ಬೆರಳು ಬಿಳಿಚುವುದು ಇದರಿಂದಲೇ. ಮೊದಲು ಬಿಳಿ, ನಂತರ ನೀಲಿ, ರಕ್ತ ವಾಪಸ್ ಬಂದಾಗ ಕೆಂಪು. ಮೂರೂ ಬಣ್ಣ ಕಾಣಲೇಬೇಕು ಅಂತಿಲ್ಲ. ಕಪ್ಪು ಮೈಬಣ್ಣದವರಲ್ಲಿ ಬಿಳಿಚಿದ್ದು ಸರಿಯಾಗಿ ತಿಳಿಯುವುದೂ ಇಲ್ಲ. ಅಂಗೈ ಕಡೆ ಮತ್ತು ಉಗುರಿನ ತಳ ನೋಡಿ. ಬೆರಳು ಬಿಳಿಚಿದಾಗ ಫೋನಿನಲ್ಲಿ ಫೋಟೋ ತೆಗೆದಿಡಲು ಹೇಳಿ. ಕ್ಲಿನಿಕ್‌ಗೆ ಬರುವಷ್ಟರಲ್ಲಿ ಬೆರಳು ಸರಿಯಾಗಿರುತ್ತೆ, ಅಲ್ವಾ?

1862ರಲ್ಲಿ ಮೋರಿಸ್ ರೇನಾಡ್ ಪ್ಯಾರಿಸ್‌ನಲ್ಲಿ ತಮ್ಮ ಪ್ರಬಂಧ ಬರೆದಾಗ ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸಿದ್ದರು. ಈಗ ಎರಡು ಗುಂಪು ಮಾಡುತ್ತೇವೆ: ತಾನಾಗಿ ಬರುವ ಪ್ರಾಥಮಿಕ, ಬೇರೆ ಕಾಯಿಲೆ ಅಥವಾ ಕಾರಣದಿಂದ ಬರುವ ದ್ವಿತೀಯಕ. ಚಿಕಿತ್ಸೆ ನಿಂತಿರುವುದು ಈ ವಿಂಗಡಣೆಯ ಮೇಲೆ. ಹದಿಹರೆಯ ಅಥವಾ ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳು, ಎರಡೂ ಕೈಯಲ್ಲಿ ತೊಂದರೆ, ಹುಣ್ಣಿಲ್ಲ, ಎಎನ್‌ಎ (ದೇಹ ತನ್ನ ಮೇಲೇ ದಾಳಿ ಮಾಡುವ ಕಾಯಿಲೆಗಳ ಸುಳಿವು ಕೊಡುವ ರಕ್ತಪರೀಕ್ಷೆ) ನೆಗೆಟಿವ್, ಉಗುರಿನ ಬುಡದ ಲೋಮನಾಳಗಳು (ಅತಿ ಸಣ್ಣ ರಕ್ತನಾಳಗಳು) ಸರಿಯಾಗಿವೆ: ಇದು ಬಹುತೇಕ ಪ್ರಾಥಮಿಕ ರೇನಾಡ್ಸ್. ನಲವತ್ತು ದಾಟಿದ ಮೇಲೆ ಶುರುವಾದರೆ, ಒಂದೇ ಕೈಯಲ್ಲಿದ್ದರೆ, ಬೆರಳ ತುದಿಯಲ್ಲಿ ಹುಣ್ಣಾದರೆ, ಬೆರಳು ಊದಿಕೊಂಡು ಚರ್ಮ ಬಿಗಿಯಾಗಿದ್ದರೆ ಎಚ್ಚರ. ಸ್ಕ್ಲೀರೋಡರ್ಮಾದಲ್ಲಿ (ಚರ್ಮ ಬಿಗಿದು ಗಟ್ಟಿಯಾಗುವ ಕಾಯಿಲೆ) ಸಾಮಾನ್ಯವಾಗಿ ಮೊದಲು ಕಾಣುವ ಲಕ್ಷಣ ರೇನಾಡ್ಸೇ. ಬೇರೆ ತೊಂದರೆಗಳು ವರ್ಷಗಳ ನಂತರ ಬರಬಹುದು. ಉಗುರಿನ ಬುಡ ನೋಡಲು ದೊಡ್ಡ ಯಂತ್ರ ಇಲ್ಲದಿದ್ದರೂ ನಡೆಯುತ್ತದೆ. ಒಂದು ಹನಿ ಜೆಲ್ ಹಾಕಿ ಡರ್ಮಟೋಸ್ಕೋಪ್ (ಚರ್ಮ ನೋಡುವ ಕೈಮಸೂರ) ಹಿಡಿದರೆ ಹಿಗ್ಗಿದ ನಾಳಗಳು ಕಾಣುತ್ತವೆ.

ಕೆಲಸದ ಬಗ್ಗೆ ಕೇಳುವುದನ್ನು ಮರೆಯಬೇಡಿ. ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಸುಣ್ಣಕಲ್ಲು ಕೆಲಸಗಾರರಲ್ಲಿ ಬಿಳಿ ಬೆರಳಿನ ತೊಂದರೆಯನ್ನು ದಾಖಲಿಸಿದರು. ಕಾರಣ, ಗಾಳಿ ಒತ್ತಡದಿಂದ ಅದುರುವ ಸುತ್ತಿಗೆಗಳು. ನಮ್ಮ ಗ್ರಾನೈಟ್ ಕ್ವಾರಿಗಳಲ್ಲಿ ಡ್ರಿಲ್ ಹಿಡಿಯುವವರನ್ನು, ರಸ್ತೆ ಒಡೆಯುವವರನ್ನು ಇದೇ ಪ್ರಶ್ನೆ ಕೇಳಬೇಕು. ಇವರಿಗೆ ಮಾತ್ರೆ ಕೊಟ್ಟು ಅದೇ ಕೆಲಸಕ್ಕೆ ಕಳಿಸಿದರೆ ಪ್ರಯೋಜನ ಇಲ್ಲ.

ಇನ್ನು ಔಷಧಿ ಚೀಟಿ. ಮೈಗ್ರೇನ್‌ಗೆ ಅಥವಾ ಕೈನಡುಕಕ್ಕೆ ಕೊಟ್ಟ ಪ್ರೊಪ್ರನಲಾಲ್, ಮೈಗ್ರೇನ್‌ನ ಎರ್ಗೋಟಮಿನ್ ಮತ್ತು ಸುಮಾಟ್ರಿಪ್ಟಾನ್, ಎಡಿಎಚ್‌ಡಿಯ ಮಿಥೈಲ್‌ಫೆನಿಡೇಟ್, ಮೂಗು ಕಟ್ಟಿದಾಗ ತಗೊಳ್ಳುವ ಸೂಡೋಎಫೆಡ್ರಿನ್, ಇವೆಲ್ಲ ರೇನಾಡ್ಸ್ ತರಬಹುದು ಅಥವಾ ಹೆಚ್ಚಿಸಬಹುದು. ಆದರೆ ಪ್ರೊಪ್ರನಲಾಲ್ ಒಮ್ಮೆಲೇ ನಿಲ್ಲಿಸುವಂತಿಲ್ಲ. ಬರೆದುಕೊಟ್ಟ ವೈದ್ಯರೇ ನಿಧಾನವಾಗಿ ಇಳಿಸಿ ಬೇರೆಯದಕ್ಕೆ ಬದಲಿಸಬೇಕು. ಬೀಡಿ, ಸಿಗರೇಟಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ನಿಕೋಟಿನ್ ನೇರವಾಗಿ ನಾಳ ಬಿಗಿಸುತ್ತದೆ.

ಬೆಚ್ಚಗಿಡುವ ಸಲಹೆಯನ್ನು ನಾವು ಒಂದೇ ಸಾಲಲ್ಲಿ ಮುಗಿಸುತ್ತೇವೆ. ನನ್ನ ಪ್ರಕಾರ ಜಾಸ್ತಿ ಹೊತ್ತು ಕೊಡಬೇಕಾದದ್ದು ಇದಕ್ಕೇ. ಕೈಗೆ ಮಾತ್ರ ಗ್ಲೌಸ್ ಹಾಕಿ ಮೈಗೆ ತೆಳು ಅಂಗಿ ಹಾಕಿದರೆ ಅರ್ಧ ಕೆಲಸವೂ ಆಗುವುದಿಲ್ಲ. ಹೊಟ್ಟೆ, ಎದೆ ತಂಪಾದರೆ ದೇಹ ಬೆರಳಿನ ರಕ್ತ ತಗ್ಗಿಸಿ ಒಳಗಿನ ಬಿಸಿ ಉಳಿಸಿಕೊಳ್ಳುತ್ತದೆ. ಆದ್ದರಿಂದ ಸ್ವೆಟರ್, ಟೋಪಿ, ಸಾಕ್ಸ್ ಮೂರೂ ಬೇಕು. ಬೆರಳುಗಳೆಲ್ಲ ಒಟ್ಟಿಗಿರುವ ಮಿಟನ್, ಬೆರಳು ಬೇರೆ ಬೇರೆಯಾದ ಗ್ಲೌಸ್‌ಗಿಂತ ಬೆಚ್ಚಗೆ. ಕೆನಡಾದಲ್ಲೋ ಜರ್ಮನಿಯಲ್ಲೋ ಇರುವ ನಮ್ಮವರು ಹೊರಗೆ ಹೋಗುವ ಮೊದಲೇ ಇದನ್ನು ಹಾಕಬೇಕು, ಬೆರಳು ಮರಗಟ್ಟಿದ ಮೇಲೆ ಅಲ್ಲ. ಬೆಂಗಳೂರಲ್ಲಿ ಅಂಥ ಚಳಿ ಎಲ್ಲಿದೆ ಅಂತ ಕೇಳಬೇಡಿ. ತಾಪಮಾನ ಏಕಾಏಕಿ ಇಳಿದರೂ ಸಾಕು. ಬಿಸಿಲಿಂದ ಎಸಿ ಆಫೀಸಿಗೆ ಬರುವುದು, ಫ್ರೀಜರ್‌ನಿಂದ ಬಟಾಣಿ ತೆಗೆಯುವುದು, ಬೆಳಗಿನ ಜಾವ ಬೈಕ್ ಓಡಿಸುವುದು, ತಣ್ಣೀರಲ್ಲಿ ಪಾತ್ರೆ ತೊಳೆಯುವುದು, ಎಲ್ಲವೂ ಲೆಕ್ಕಕ್ಕೆ.

ಬೆರಳು ಬಿಳಿಚಿದ ಕೂಡಲೇ ತಂಪಿನಿಂದ ದೂರ ಸರಿಯಬೇಕು. ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಬಹುದು, ಬೆಚ್ಚಗಿನ ನೀರಲ್ಲಿ ಅದ್ದಬಹುದು, ತೋಳನ್ನು ದೊಡ್ಡದಾಗಿ ತಿರುಗಿಸಬಹುದು. ಸುಡುನೀರು, ಒಲೆ, ಹೀಟರ್ ಬೇಡ. ಸ್ಪರ್ಶ ಇಲ್ಲದ ಬೆರಳಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ.

ಇಷ್ಟಾದರೂ ನಿತ್ಯದ ಕೆಲಸಕ್ಕೆ ಅಡ್ಡಿಯಾದರೆ ನಿಫೆಡಿಪಿನ್ ಅಥವಾ ಅದೇ ಗುಂಪಿನ ಆಮ್ಲೋಡಿಪಿನ್. ನಿಫೆಡಿಪಿನ್ ನಿಧಾನವಾಗಿ ಬಿಡುಗಡೆಯಾಗುವ ಬಗೆಯದೇ ಇರಬೇಕು, ದಿನಕ್ಕೆ 30 ಮಿಲಿಗ್ರಾಂನಿಂದ ಶುರು. ಬೇಗ ಕರಗುವ ಬಗೆ ಬಿಪಿಯನ್ನು ಧುತ್ತನೆ ಇಳಿಸಿ ಎದೆಬಡಿತ ಏರಿಸುತ್ತದೆ. ತಲೆನೋವು, ಮುಖ ಕೆಂಪಾಗುವುದು, ಪಾದ ಊದುವುದು ಸಾಮಾನ್ಯ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಸುಮ್ನೆ ಮಾತ್ರೆ ಬಿಟ್ಟುಬಿಡುತ್ತಾರೆ. ಚಳಿಗಾಲಕ್ಕೆ ಮಾತ್ರ ತಗೊಂಡರೂ ಕೆಲವರಿಗೆ ಸಾಕು. ಅಮೆರಿಕದಲ್ಲಿ ನಡೆದು 2000ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪ್ರಾಥಮಿಕ ರೇನಾಡ್ಸ್ ಇದ್ದವರಿಗೆ ನಿಫೆಡಿಪಿನ್ ಕೆಲಸ ಮಾಡಿತು. ಬೆರಳಿನ ಉಷ್ಣತೆಯ ಬಯೋಫೀಡ್‌ಬ್ಯಾಕ್ (ಉಷ್ಣತೆ ನೋಡುತ್ತಾ ಬೆರಳು ಬೆಚ್ಚಗಾಗಿಸುವ ಅಭ್ಯಾಸ) ಕೆಲಸ ಮಾಡಲಿಲ್ಲ.

ಅದಕ್ಕೂ ಬಗ್ಗದಿದ್ದರೆ ನಾಳ ಸಡಿಲಿಸುವ ಸಿಲ್ಡೆನಾಫಿಲ್, ಟಡಲಾಫಿಲ್. ಎದೆನೋವಿಗೆ ನೈಟ್ರೇಟ್ ತಗೊಳ್ಳುವವರಿಗೆ ಇವು ಬೇಡವೇ ಬೇಡ. ಬಿಪಿಯ ಲೊಸಾರ್ಟಾನ್, ಖಿನ್ನತೆಯ ಫ್ಲೂಆಕ್ಸೆಟಿನ್ ಕೂಡ ಪಟ್ಟಿಯಲ್ಲಿವೆ. ಸ್ಕ್ಲೀರೋಡರ್ಮಾದಲ್ಲಿ ಬೊಸೆಂಟಾನ್ ಹೊಸ ಹುಣ್ಣು ಏಳುವುದನ್ನು ಕಡಿಮೆ ಮಾಡುತ್ತದೆ, ಇರುವ ಹುಣ್ಣನ್ನು ಬೇಗ ಮಾಗಿಸುವುದಿಲ್ಲ. ಎಂಸಿಕ್ಯೂ (ಬಹು ಆಯ್ಕೆ ಪ್ರಶ್ನೆ) ಬಿಡಿಸುವವರು ಈ ವ್ಯತ್ಯಾಸ ನೆನಪಿಡಿ. ಬೆರಳು ಬೆಚ್ಚಗಾದರೂ ನೀಲಿ ಹೋಗದೆ, ನೋವು ನಿಲ್ಲದೆ, ತುದಿ ಕಪ್ಪಾಗುತ್ತಿದ್ದರೆ ಅದು ಎಮರ್ಜೆನ್ಸಿ. ಅಡ್ಮಿಟ್ ಮಾಡಬೇಕು. ಐಲೊಪ್ರೊಸ್ಟ್‌ನಂಥ ಔಷಧವನ್ನು ರಕ್ತನಾಳಕ್ಕೆ ಕೊಡುವುದು ಇಂಥಲ್ಲಿ.

ಕೊನೆಗೊಂದು, ಬಾಣಂತಿ ವಾರ್ಡಿನಲ್ಲಿ ತಪ್ಪಿಹೋಗುವ ವಿಷಯ. ಹಾಲೂಡಿಸುವ ತಾಯಿಯ ಮೊಲೆತೊಟ್ಟಿಗೂ ರೇನಾಡ್ಸ್ ಬರುತ್ತದೆ. ಹಾಲು ಕುಡಿಸಿದ ಮೇಲೆ ತೊಟ್ಟು ಬಿಳಿಚಿ, ಸುಟ್ಟಂತೆ ನೋಯುತ್ತದೆ. ಫಂಗಸ್ ಅಂತ ಮತ್ತೆ ಮತ್ತೆ ಮುಲಾಮು ಬರೆಯುವ ಮೊದಲು ಬಣ್ಣ ಬದಲಾಗುತ್ತದೆಯೇ ಅಂತ ಕೇಳಿ. ಮಗು ತೊಟ್ಟನ್ನು ಸರಿಯಾಗಿ ಹಿಡಿಯುತ್ತಿದೆಯೇ ನೋಡಿ. ಕುಡಿಸಿದ ಕೂಡಲೇ ಬೆಚ್ಚಗಿನ ಬಟ್ಟೆ ಇಡಲು ಹೇಳಿ. ಅಷ್ಟಕ್ಕೂ ಹೋಗದಿದ್ದರೆ ಇಲ್ಲೂ ನಿಫೆಡಿಪಿನ್ ಕೊಡುತ್ತಾರೆ. ಎದೆಹಾಲಿಗೆ ಅದು ಸೇರುವುದು ಬಹಳ ಕಡಿಮೆ. ಹಾಲು ಬಿಡಿಸಬೇಕಾಗಿಲ್ಲ.